ಗುಡ್ಡದೋಣಿಯ ನೀರು ಏರಿದೆ

ಕಮಲಾಪುರ
ಮಾರ್ಚ್ 12

ಚಿರಂಜೀವಿ ಮೌನೇಶನಿಗೆ ಅಕ್ಕ ಶಿವಕಾಂತಮ್ಮನ ಆಶೀರ್ವಾದ.

ಫೋನಿನಲ್ಲಿ ನಿನ್ನ ಜೊತೆ ಮಾತಾಡಿ ನನಗೆ ಸಾಕಾಗಿದೆ. ಅರ್ಧ ಹೇಳುವಷ್ಟರಲ್ಲಿ "ಹಾಂ ಅಕ್ಕಾ, ನೋಡ್ತೀನಿ, ಸಾಹೇಬ್ರು ಕರಿಯಾಕತ್ತಾರ" ಎಂದು ಇಟ್ಟುಬಿಡುತ್ತೀ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವವರೆಗೆ ನೀನು ಕೇಳಬೇಕಾಗುತ್ತದೆ. ನಮ್ಮ ಓಣಿಯ ಲಾಲ್ ಅಹ್ಮದ್ ದಿನಾ ಕೆಂಪು ಬಾಳೆಹಣ್ಣಿನ ಟೆಂಪೋ ಹೊಡೆದುಕೊಂಡು ಕಲಬುರಗಿಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಕಳಿಸಿದ್ದೇನೆ. ಆಫೀಸಿನ ಗೇಟಿನಲ್ಲಿ ನಿಂತು ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಗಬೇಡ. ಏಳನೇ ತರಗತಿಯವರೆಗೆ ಕಲಿತದ್ದು ನಿನ್ನನ್ನು ಬೈಯುವುದಕ್ಕಾದರೂ ಉಪಯೋಗಕ್ಕೆ ಬರಲಿ.

ನಿಮ್ಮ ಬರ ನಿಗಾ ಕೋಶದ ಪಟ್ಟಿ ನಿನ್ನೆ ಇಲ್ಲಿ ನೋಟೀಸ್ ಬೋರ್ಡಿಗೆ ಬಿತ್ತು. ಟ್ಯಾಂಕರ್ ನೀರು ಕೊಡಬೇಕಾದ ಜಾಗಗಳ ಪಟ್ಟಿ. ಮೇಲಿಂದ ಕೆಳಗೆ ಎರಡು ಸಲ ಓದಿದೆ, ನಮ್ಮ ಗುಡ್ಡದೋಣಿ ಇಲ್ಲ. ಕೆಳಗೆ ಇನ್ನೊಂದು ಪಟ್ಟಿ ಇತ್ತು, 'ಟ್ಯಾಂಕರ್ ಅಗತ್ಯವಿಲ್ಲದ ಸ್ಥಳಗಳು' ಎಂದು. ಅದರಲ್ಲಿ ನಾವೇ ಮೊದಲನೆಯವರು. ಕಾರಣ ಏನು ಬರೆದಿದ್ದಾರೆ ಗೊತ್ತೇನು? 'ಸದರಿ ಸ್ಥಳದ ವೀಕ್ಷಣಾ ಬಾವಿಯಲ್ಲಿ ನೀರಿನ ಮಟ್ಟ ಹಿಂದಿನ ತಿಂಗಳಿಗಿಂತ 5.30 ಮೀಟರ್ ಏರಿಕೆ.'

ಓದಿ ಮೊದಲು ನಕ್ಕೆ. ಮಳೆ ಇಲ್ಲ, ಹಳ್ಳ ಇಲ್ಲ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಬಾವಿಗೆ ಐದು ಮೀಟರ್ ನೀರು ಎಲ್ಲಿಂದ ಬಂತು ಎಂದು. ಆಮೇಲೆ ಹೊಳೆಯಿತು. ಫೆಬ್ರವರಿಯಲ್ಲಿ ನಾನು ಅಳೆದು ಬರೆದದ್ದು 12.10. ಮಾರ್ಚಿಗೆ ಬರೆದದ್ದು 17.40. ಬಾವಿಯ ಕಟ್ಟೆಯಿಂದ ನೀರಿನ ತನಕ ಎಷ್ಟು ಆಳ ಎನ್ನುವ ಅಳತೆ ಅದು. ಅಂಕಿ ಏರಿತೆಂದರೆ ನೀರು ಅಷ್ಟು ಕೆಳಗೆ ಹೋಯಿತು ಎಂದರ್ಥ. ಅಂಕಿ ಏರಿದ್ದನ್ನು ಕಂಡು ಯಾರೋ ಪುಣ್ಯಾತ್ಮ ನೀರೇ ಏರಿದೆ ಎಂದು ಬರೆದಿದ್ದಾನೆ. ಆ ಬಾವಿಯ ತಳವೇ ಹದಿನೆಂಟೂವರೆ ಮೀಟರ್. ಈಗ ಉಳಿದಿರುವುದು ಒಂದು ಮೀಟರ್ ಚಿಲ್ಲರೆ ರಾಡಿ ನೀರು.

ಪುಣ್ಯಾತ್ಮ ಯಾರೆಂದು ಪಟ್ಟಿಯ ಕೆಳಗೆ ನೋಡಿದೆ. 'ತಯಾರಿಸಿದವರು: ಮೌನೇಶ.' ಬೇರೆ ಯಾವ ಗುಮಾಸ್ತ ಬರೆದಿದ್ದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ನಿಮ್ಮ ಭಾವ ಬದುಕಿದ್ದಾಗ ಟೇಪಿನ ತುದಿಗೆ ಚಾಕ್‌ಪೀಸು ಬಳಿದುಕೊಟ್ಟು, ಎಲ್ಲಿಯ ತನಕ ಒದ್ದೆಯಾಗಿದೆ ಎಂದು ಓದಿ ಹೇಳುತ್ತಿದ್ದವನು ನೀನೇ ಅಲ್ಲವೇ?

ಇನ್ನೊಂದು ವಿಷಯ. ಜುಲೈ ತಿಂಗಳಲ್ಲಿ ಎಂಟು ದಿನ ಬಿಡದೆ ಸುರಿದ ಮಳೆಗೆ ಓಣಿಯ ಹಿಂದಿನ ಗಾಯರಾಣದಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು. ಆಮೇಲೆ ಮಳೆ ಮುಖ ತೋರಿಸಲಿಲ್ಲ. ದನ ಮೇಯುವ ಆ ಗುಡ್ಡವೆಲ್ಲ ಈಗ ಒಣಗಿ ನಿಂತಿದೆ, ಕಡ್ಡಿ ಗೀರಿದರೆ ಸಾಕು. ಫಾರಮ್ಮಿನಲ್ಲಿ 'ಬೆಂಕಿಯ ಅಪಾಯ' ಎನ್ನುವಲ್ಲಿ ನಾನು 'ಬಹಳ' ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ. ಪಟ್ಟಿಯಲ್ಲಿ ನೀನು ಅದನ್ನು 'ನೀರು ಲಭ್ಯವಿರುವುದರಿಂದ ಸಾಧಾರಣ' ಎಂದು ಮಾಡಿದ್ದೀ. ಓಣಿಯ ಟಾಕಿ ತುಂಬುವುದು ಟ್ಯಾಂಕರ್ ಬಂದರೆ ಮಾತ್ರ. ಬೆಂಕಿ ಬಿದ್ದರೆ ಆರಿಸಲು ಇರುವುದೂ ಅದೇ ಟಾಕಿ.

ತಹಸೀಲಿಗೆ ನಾನೇ ಅರ್ಜಿ ಕೊಡಬಹುದು. ಕೊಟ್ಟರೆ ಮೊದಲು ನಿನ್ನ ಹೆಸರೇ ಹೊರಗೆ ಬರುತ್ತದೆ. ಅದಕ್ಕೇ ನಿನಗೆ ಬರೆದೆ. ಎರಡು ದಿನದಲ್ಲಿ ಸರಿ ಮಾಡಿಸು.

ಮಲ್ಲಿಕಾಗೆ, ಮಕ್ಕಳಿಗೆ ಕೇಳಿದೆನೆಂದು ಹೇಳು.

ನಿನ್ನ ಅಕ್ಕ
ಶಿವಕಾಂತಮ್ಮ


ಕಲಬುರಗಿ, ಜೇವರ್ಗಿ ಕಾಲೋನಿ
ಮಾರ್ಚ್ 16

ಪ್ರೀತಿಯ ಅಕ್ಕನಿಗೆ ಮೌನೇಶನ ನಮಸ್ಕಾರ.

ಪತ್ರ ಮುಟ್ಟಿತು. ನೀನು ಬರೆದದ್ದು ನಿಜ. ತಪ್ಪು ನನ್ನದೇ. ಆ ದಿನ ಒಬ್ಬನೇ ನಲವತ್ತೆರಡು ಬಾವಿಗಳ ಫಾರಂ ಏರಿಸಬೇಕಾಗಿತ್ತು, ಸಂಜೆ ಐದಕ್ಕೆ ಸಾಹೇಬರ ಮೀಟಿಂಗ್. ಹೊಸದರಿಂದ ಹಳೆಯದನ್ನು ಕಳೆದೆ, ಉತ್ತರ ಪ್ಲಸ್ ಬಂತು. ಪ್ಲಸ್ ಎಂದರೆ ಏರಿಕೆ ಎಂದು ಕೈ ತಾನೇ ಬರೆದುಬಿಟ್ಟಿತು. ಉಳಿದ ಕಡೆ ಸರಿಯಾಗಿಯೇ ಇದೆ, ನಮ್ಮ ಊರಿನದೇ ತಪ್ಪಿತು. ನಮ್ಮೂರಿನ ಬಾವಿಯಾದ್ದರಿಂದ ನೋಡದೆಯೇ ಗೊತ್ತು ಎಂದುಕೊಂಡೆನೋ ಏನೋ.

ಆದರೆ ಸದರಿ ಪಟ್ಟಿಗೆ ಸಾಹೇಬರ ಸಹಿ ಬಿದ್ದು ಮೇಲಕ್ಕೆ ಹೋಗಿದೆ. ಈಗ ತೆಗೆಸಿದರೆ ಯಾರು ಮಾಡಿದ್ದು ಎಂಬ ಮಾತು ಏಳುತ್ತದೆ. ನನ್ನ ಕಂತ್ರಾಟು ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ, ರಿನಿವಲ್ ಫೈಲು ಅದೇ ಸಾಹೇಬರ ಮೇಜಿನ ಮೇಲಿದೆ. ಹನ್ನೊಂದು ವರ್ಷದಿಂದ ಕಂತ್ರಾಟಿನಲ್ಲೇ ಇದ್ದೇನೆ ಎನ್ನುವುದು ನಿನಗೆ ಗೊತ್ತು. ಈ ವಯಸ್ಸಿನಲ್ಲಿ ನನ್ನನ್ನು ಬೇರೆ ಯಾರು ತೆಗೆದುಕೊಳ್ಳುತ್ತಾರೆ?

ಏಪ್ರಿಲ್ ಹದಿನೈದಕ್ಕೆ ಪರಿಷ್ಕೃತ ಪಟ್ಟಿ ಹೊರಡುತ್ತದೆ. ಅದರಲ್ಲಿ ಯಾರಿಗೂ ಗೊತ್ತಾಗದ ಹಾಗೆ ಗುಡ್ಡದೋಣಿಯನ್ನು ಸೇರಿಸುತ್ತೇನೆ. ತಿಂಗಳೊಪ್ಪತ್ತು ಸುಮ್ಮನಿರು ಅಕ್ಕಾ. ತಹಸೀಲಿಗೆ ಮಾತ್ರ ಹೋಗಬೇಡ, ನನ್ನ ಮೇಲಾಣೆ.

ಬೆಂಕಿಯ ಕಾಲಂ ತಾನಾಗಿಯೇ ಹಾಗೆ ತುಂಬಿಕೊಳ್ಳುತ್ತದೆ. ನೀರು ಇದೆ ಎಂದು ಹಾಕಿದರೆ ಅಪಾಯ ಒಂದು ಮೆಟ್ಟಿಲು ಇಳಿಯುತ್ತದೆ. ಅದು ನಾನು ಮಾಡಿದ್ದಲ್ಲ.

ನಿನ್ನ ತಮ್ಮ
ಮೌನೇಶ


ಕಮಲಾಪುರ
ಮಾರ್ಚ್ 21

ಮೌನೇಶ,

ಆಣೆ ಬೇರೆ ಹಾಕುತ್ತೀ. ಆಯಿತು, ಸುಮ್ಮನಿದ್ದೇನೆ. ಸುಮ್ಮನಿರುವುದು ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ತಿಳಿದಿದ್ದೆ. ದಿನಕ್ಕೆ ನಾಲ್ಕು ಸುಳ್ಳು ಹೇಳಬೇಕಾಗುತ್ತದೆ ಎಂದು ಈಗ ಗೊತ್ತಾಯಿತು.

ಟಾಕಿಯಲ್ಲಿ ಉಳಿದಿರುವ ನೀರನ್ನೇ ನಳಕ್ಕೆ ಒಂಬತ್ತು ದಿನಕ್ಕೊಮ್ಮೆ ಬಿಡುತ್ತಿದ್ದೇನೆ. ಹಾಜರಿ ಪುಸ್ತಕದಲ್ಲಿ ಇಂದಿಗೂ ನನ್ನ ಹೆಸರಿನ ಮುಂದೆ 'ವಾಟರ್‌ಮನ್' ಎಂದೇ ಇದೆ, ನಿಮ್ಮ ಭಾವನ ಕೆಲಸ ನನಗೆ ಕೊಟ್ಟಾಗ ಆ ಶಬ್ದವನ್ನು ಯಾರೂ ತಿದ್ದಲಿಲ್ಲ. ಹೆಂಗಸರು ಕೊಡ ಹಿಡಿದುಕೊಂಡು ನನ್ನ ಬಾಗಿಲಿಗೇ ಬರುತ್ತಾರೆ, ವಾಲ್‌ನ ಕೀಲಿ ನನ್ನ ಹತ್ತಿರವೇ ಇರುವುದರಿಂದ. ನಿನ್ನೆ ಲಾಲ್ ಅಹ್ಮದನ ತಾಯಿ ಅಕ್ಬರಿ ಬೇಗಂ ಬಂದು ಕಟ್ಟೆಯ ಮೇಲೆ ಕೂತರು. ಎಪ್ಪತ್ತು ದಾಟಿದ್ದರೂ ಮನೆಯ ಎರಡು ಎಮ್ಮೆಗಳನ್ನು ಅವರೇ ನೋಡಿಕೊಳ್ಳುತ್ತಾರೆ.

"ಶಿವಕಾಂತಮ್ಮಾ, ನಂಗ ಬಿಡು, ನಾ ಹೆಂಗರೆ ಇರ್ತೀನಿ. ಎಮ್ಮಿಗಿ ಏನಂತ ಹೇಳ್ಲಿ? ಅವಕ್ಕ ಪಟ್ಟಿ ಗಿಟ್ಟಿ ತಿಳಿತಾವೇನ?" ಎಂದರು.

"ಪಟ್ಟಿ ಇನ್ನಾ ಬಂದಿಲ್ರಿ ಖಾಲಾ, ಬಂದ ಕೂಡ್ಲೆ ಟ್ಯಾಂಕರ್ ಬರ್ತದ" ಎಂದೆ.

ಅವರಿಗೆ ಕನ್ನಡ ಓದಲು ಬರುವುದಿಲ್ಲ, ಓದಬಲ್ಲವರು ಓಣಿಯಲ್ಲಿ ಬೇರೆ ಇದ್ದಾರಲ್ಲ. ಅದಕ್ಕೆ ನೋಟೀಸ್ ಬೋರ್ಡಿನ ಮೇಲೆ ಯಾರೋ ಟ್ಯೂಷನ್ ಕ್ಲಾಸಿನ ದೊಡ್ಡ ಜಾಹೀರಾತು ಹಚ್ಚಿದ್ದಾರೆ, ಪಟ್ಟಿ ಪೂರಾ ಮುಚ್ಚಿಹೋಗಿದೆ. ಯಾರೋ ಅಲ್ಲ, ನಾನೇ. ಹಿಟ್ಟಿನ ಅಂಟು ಕಾಸಿ ನಾನೇ ಹಚ್ಚಿದೆ. ಐವತ್ತೆರಡನೇ ವಯಸ್ಸಿನಲ್ಲಿ ನಿನ್ನ ಸಲುವಾಗಿ ಈ ಕೆಲಸವೂ ಆಯಿತು.

ಮೂವತ್ತೊಂದರವರೆಗೆ ಸುಮ್ಮನಿರುತ್ತೇನೆ. ಹದಿನೈದರವರೆಗೆ ಎಂದು ನಾನು ಒಪ್ಪಿಲ್ಲ.

ಅಕ್ಕ


ಕಮಲಾಪುರ
ಏಪ್ರಿಲ್ 5

ಮೌನೇಶ,

ಈ ತಿಂಗಳ ಅಳತೆ 18.05. ಫಾರಂ ಲಾಲ್ ಅಹ್ಮದನ ಕೈಯಲ್ಲೇ ಕಳಿಸಿದ್ದೇನೆ. 'ಏರಿಕೆ' ಎಂದು ಬರೆಯುವ ಮುಂಚೆ ಈ ಸಾಲು ಓದು: ಟೇಪಿನ ತುದಿ ಕೆಸರಿಗೆ ಬಡಿಯುತ್ತಿದೆ. ಅಳೆದದ್ದು ನೀರನ್ನೋ ರಾಡಿಯನ್ನೋ ನನಗೇ ಸಂಶಯ.

ನಿನ್ನ ಕಂತ್ರಾಟು ಮುಂದುವರಿದ ಸುದ್ದಿಯನ್ನೂ ಲಾಲ್ ಅಹ್ಮದನೇ ಹೇಳಿದ. ಗೇಟಿನಲ್ಲಿ ಅವನಿಗೂ ಒಂದು ಪೇಢೆ ಕೊಟ್ಟೆಯಂತೆ. "ನಿಮ್ಮ ತಮ್ಮ ಭಾಳ ಛಲೋ ಮನಷ್ಯಾ ಅದಾರ್ರಿ, ನಮ್ಮಂಥವ್ರನ್ನೂ ಮರಿಯಂಗಿಲ್ಲ" ಎಂದು ಹೊಗಳಿದ. ಹೌದಪ್ಪಾ ಎಂದು ತಲೆಯಾಡಿಸಿದೆ.

ಒಳ್ಳೆಯದೇ ಆಯಿತು. ನನಗೆ ಖುಷಿಯಾಗಿಲ್ಲ ಎಂದರೆ ಸುಳ್ಳಾಗುತ್ತದೆ, ದೇವರ ಮುಂದೆ ದೀಪ ಹಚ್ಚಿದೆ. ಆದರೆ ನಿನ್ನದು ಮುಗಿಯಿತಲ್ಲ, ಇನ್ನು ನಮ್ಮದು ನೋಡು. ಹದಿನೈದರ ತನಕ ಯಾಕೆ ಕಾಯಬೇಕು? ಟಾಕಿಯೊಳಗೆ ಇಳಿದು ನೋಡಿದೆ, ತಳದಲ್ಲಿ ಸತ್ತ ಹಲ್ಲಿ ಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನ ಗಾಳಿ ಬೀಸಿದರೆ ಗಾಯರಾಣದ ಹುಲ್ಲು ಸದ್ದು ಮಾಡುತ್ತದೆ. ಲಾಲ್ ಅಹ್ಮದನ ಮನೆಯ ಹಿಂಗೋಡೆಗೂ ಆ ಹುಲ್ಲಿಗೂ ನಡುವೆ ಹತ್ತು ಹೆಜ್ಜೆ ಇಲ್ಲ. ಹುಲ್ಲು ಕೊಯ್ದು ದಾರಿ ಮಾಡಿರೆಂದು ಓಣಿಯವರಿಗೆ ಹೇಳಿದೆ. "ಬೆಂಕಿ ಅಪಾಯ ಸಾಧಾರಣ ಅಂತ ಸರ್ಕಾರದವ್ರೇ ಬರದಾರಂತಲ್ಲ" ಎಂದು ಒಬ್ಬ ಕೇಳಿದ. ನಾನು ಜಾಹೀರಾತು ಹಚ್ಚುವ ಮುಂಚೆಯೇ ಅವನು ಓದಿದ್ದ, ಅದೂ ಬೇಡವಾದ ಸಾಲನ್ನು.

ಉತ್ತರ ಬರಿ. ಎರಡು ಸಾಲಾದರೂ ಸಾಕು.

ಅಕ್ಕ


ಕಮಲಾಪುರ
ಏಪ್ರಿಲ್ 13

ಮೌನೇಶ,

ನಿನ್ನ ಉತ್ತರ ಬರಲಿಲ್ಲ. ಬೆಂಕಿ ಬಂತು.

ಮೊನ್ನೆ ಹನ್ನೊಂದನೇ ತಾರೀಖು, ಮಧ್ಯಾಹ್ನ ಎರಡು ಗಂಟೆ. ಯಾರ ಬೀಡಿಯೋ, ವಿದ್ಯುತ್ ತಂತಿಯ ಕಿಡಿಯೋ ಯಾರಿಗೂ ಗೊತ್ತಿಲ್ಲ. ಗುಡ್ಡದ ಆ ಬದಿಗೆ ಹೊಗೆ ಕಂಡಿತು, ಕೊಡ ಇಳಿಸಿ ತಿರುಗುವಷ್ಟರಲ್ಲಿ ಈ ಬದಿಗೆ ಬಂದಿತ್ತು. ಗಾಳಿ ನಮ್ಮ ಕಡೆಗೇ ಇತ್ತು. ಫೈರ್ ಗಾಡಿಯವರು ಬಂದರು, ಪಾಪ, ಬೇಗನೇ ಬಂದರು, ತುಂಬಿದ ಗಾಡಿಯನ್ನೇ ತಂದರು. ಮೊದಲ ನಾಲ್ಕು ಮನೆಗಳನ್ನು ಅವರೇ ಉಳಿಸಿದರು. ಗಾಡಿಯ ನೀರು ಮುಗಿಯಿತು. "ಟಾಕಿ ಎಲ್ಲಿ ಅದಾ? ವಾಲ್ ತಗೀರಿ, ಲಗೂನ!" ಎಂದು ಒಬ್ಬ ಹುಡುಕಿಕೊಂಡು ಬಂದ. ಕೀಲಿ ನನ್ನ ಕೈಯಲ್ಲಿತ್ತು. ತಿರುಗಿಸಿದೆ. ಪೈಪಿನಿಂದ ಗಾಳಿ ಬಂತು, ಒಂದಿಷ್ಟು ತುಕ್ಕು ಬಂತು. ಆ ಮನುಷ್ಯ ನನ್ನ ಮುಖ ನೋಡಿದ. ಗಾಡಿ ಹನ್ನೊಂದು ಕಿಲೋಮೀಟರ್ ದೂರದ ತೋಟದ ಬೋರಿಗೆ ಹೋಗಿ ತುಂಬಿಸಿಕೊಂಡು ಬರಲು ಐವತ್ತು ನಿಮಿಷ ಬೇಕಾಯಿತು.

ಆ ಐವತ್ತು ನಿಮಿಷದಲ್ಲಿ ಲಾಲ್ ಅಹ್ಮದನ ಮನೆ ಹೋಯಿತು. ಅವನು ಕಲಬುರಗಿಯಲ್ಲಿದ್ದ. ಅಕ್ಬರಿ ಬೇಗಂ ಒಂದು ಎಮ್ಮೆ ಬಿಚ್ಚಿ ಹೊರಗೆ ಅಟ್ಟಿದರು, ಇನ್ನೊಂದಕ್ಕೆ ಒಳಗೆ ಹೋದರು. ನಾನು ಕೂಗಿದೆ. ಮೂರು ಸಲ ಕೂಗಿದೆ. ಅವರನ್ನು ಹೊರಗೆ ಎಳೆದು ತಂದಾಗ ಸೆರಗು ಮೈಗೆ ಅಂಟಿಕೊಂಡಿತ್ತು. ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಒಯ್ದಿದ್ದಾರೆ.

ಈ ಕಾಗದವನ್ನು ಲಾಲ್ ಅಹ್ಮದನೇ ತರುತ್ತಾನೆ. ತಾಯಿಯ ಬಟ್ಟೆ ತೆಗೆದುಕೊಂಡು ಹೊರಟವನು, "ತಮ್ಮಗ ಏನರೆ ಕೊಡೋದೈತೇನ್ರಿ?" ಎಂದು ತಾನಾಗಿಯೇ ಕೇಳಿದ. ನನ್ನಿಂದ ಅವನ ಮುಖ ನೋಡಲು ಆಗಲಿಲ್ಲ.

ಒಂದು ಮಾತು ನಿನಗೆ ಹೇಳುತ್ತೇನೆ. ತಪ್ಪು ನೀನು ಒಂದೇ ದಿನ ಮಾಡಿದೆ. ನಾನು ತಿಂಗಳಿಡೀ ಮಾಡಿದೆ. ಮಾರ್ಚ್ ಹನ್ನೆರಡಕ್ಕೆ ತಹಸೀಲಿಗೆ ಬರೆಯಬೇಕಾದದ್ದನ್ನು ತಮ್ಮನಿಗೆ ಬರೆದೆ. ಅದು ನನಗೆ ನಿದ್ದೆ ಮಾಡಲು ಬಿಡುತ್ತಿಲ್ಲ.

ಆಸ್ಪತ್ರೆ ನಿನ್ನ ಮನೆಗೆ ಹತ್ತಿರ. ಹೋಗಿ ನೋಡು.

ಶಿವಕಾಂತಮ್ಮ


ಕಲಬುರಗಿ
ಏಪ್ರಿಲ್ 18

ಪ್ರೀತಿಯ ಅಕ್ಕನಿಗೆ,

ಹೋಗಿದ್ದೆ. ಎರಡು ದಿನ ಹೋದೆ. ವಾರ್ಡಿನ ಬಾಗಿಲ ತನಕ ಹೋಗಿ, ಕಿಟಕಿಯ ಗಾಜಿನಿಂದ ನೋಡಿ ಬಂದೆ. ಒಳಗೆ ಲಾಲ್ ಅಹ್ಮದ್ ಕೂತಿದ್ದ. ಅವನು ನನ್ನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ, ಅದನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ. ಬಾಳೆಹಣ್ಣು ಒಯ್ದಿದ್ದೆ, ನರ್ಸಿನ ಕೈಯಲ್ಲಿ ಕೊಟ್ಟು ಬಂದೆ. ದಿನಾ ಬಾಳೆಹಣ್ಣಿನ ಟೆಂಪೋ ಹೊಡೆಯುವವನಿಗೇ ಬಾಳೆಹಣ್ಣು ಒಯ್ದೆನಲ್ಲ ಎಂದು ದಾರಿಯಲ್ಲಿ ನೆನಪಾಯಿತು.

ಈಗ ಪತ್ರಿಕೆಯಲ್ಲಿ ಬಂದಿದೆ. ಟಾಕಿ ಯಾಕೆ ಖಾಲಿ ಇತ್ತು, ಪಟ್ಟಿಯಲ್ಲಿ ಓಣಿ ಯಾಕಿಲ್ಲ ಎಂದು ಮೇಲಿನಿಂದ ಕೇಳುತ್ತಿದ್ದಾರೆ. ಹದಿನೈದರ ಪರಿಷ್ಕೃತ ಪಟ್ಟಿಯನ್ನು ಸಾಹೇಬರು ಅದಕ್ಕೇ ತಡೆದಿದ್ದಾರೆ. ನಿನ್ನೆ ಕರೆದು, "ಮೌನೇಶ, ಇದು ಅಳತಿ ಮಾಡಿದವರ ತಪ್ಪಲ್ಲೇನು?" ಎಂದು ಕೇಳಿದರು. ಅಕ್ಕಾ, ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಇದರ ಜೊತೆ ಒಂದು ಹೇಳಿಕೆ ಟೈಪ್ ಮಾಡಿಸಿ ಇಟ್ಟಿದ್ದೇನೆ. 'ಮಾರ್ಚ್ ತಿಂಗಳ ಅಳತೆಯನ್ನು ನಾನು ತಪ್ಪಾಗಿ ನಮೂದಿಸಿದ್ದೇನೆ' ಎಂದು ಒಂದೇ ಸಾಲು. ನೀನು ಸಹಿ ಮಾಡಿದರೆ ಇಲ್ಲಿಗೆ ಮುಗಿಯುತ್ತದೆ. ನಿನಗೆ ದೊಡ್ಡ ಶಿಕ್ಷೆ ಏನೂ ಆಗುವುದಿಲ್ಲ, ಹೆಚ್ಚೆಂದರೆ ಕೆಲಸದಿಂದ ಬಿಡಿಸುತ್ತಾರೆ. ನನ್ನದು ಹೋದರೆ ಮಲ್ಲಿಕಾ, ಮಕ್ಕಳು ಎಲ್ಲ ಬೀದಿಗೆ ಬರುತ್ತೇವೆ. ನಿನಗಾದರೋ ಹಿಂದೆ ಮುಂದೆ ಯಾರೂ ಇಲ್ಲ.

ತಪ್ಪು ತಿಳಿಯಬೇಡ.

ನಿನ್ನ ಮೌನೇಶ


ಕಮಲಾಪುರ
ಏಪ್ರಿಲ್ 22

ಮೌನೇಶ,

ಅಕ್ಬರಿ ಬೇಗಂ ನಿನ್ನೆ ಹೋದರು. ಇವತ್ತು ಬೆಳಿಗ್ಗೆ ಇಲ್ಲಿಯೇ ಮಣ್ಣಾಯಿತು. ಮೈ ತೊಳೆಯಲು ನೀರು ಬೇಕಲ್ಲ. ಓಣಿಯ ಮನೆಮನೆಯಿಂದ ಒಂದೊಂದು ತಂಬಿಗೆ ಕೂಡಿಸಿದೆವು. ನನ್ನ ಮನೆಯಿಂದ ಎರಡು ತಂಬಿಗೆ ಕೊಟ್ಟೆ. ಉಳಿದ ಎಮ್ಮೆ ಗೂಟದ ಹತ್ತಿರ ನಿಂತು ಒದರುತ್ತಲೇ ಇತ್ತು.

ಹಿಂದೆ ಮುಂದೆ ಯಾರೂ ಇಲ್ಲ ಎಂದು ಬರೆದಿದ್ದೀ. ನಿನಗೆ ಎರಡು ವರ್ಷವಿದ್ದಾಗ ಅವ್ವ ಸತ್ತಳು. ಅಂದಿನಿಂದ ಉಣಿಸಿ ಬೆಳೆಸಿದವಳು ನಾನು. ನೀನು ನನಗೆ ಹಿಂದೆಯೋ ಮುಂದೆಯೋ ಒಂದು ಕಡೆ ಇದ್ದೀ ಎಂದೇ ಇಷ್ಟು ದಿನ ತಿಳಿದಿದ್ದೆ. ತಿಳಿಸಿದ್ದು ಒಳ್ಳೆಯದಾಯಿತು.

ಸಹಿ ಮಾಡುವುದಿಲ್ಲ. ಬಾವಿಯ ಅಳತೆಯನ್ನು ಒಂದು ಸಲವೂ ತಪ್ಪು ಬರೆದವಳಲ್ಲ ನಾನು. ಜ್ವರ ಬಂದಾಗಲೂ ಕಂಬಳಿ ಹೊದ್ದುಕೊಂಡು ಹೋಗಿ ಟೇಪು ಬಿಟ್ಟಿದ್ದೇನೆ. ನನ್ನ ಹತ್ತಿರ ಅದೊಂದೇ ಇರುವುದು. ಮಾರ್ಚಿನ ಫಾರಮ್ಮಿನ ಕಾರ್ಬನ್ ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ, 17.40 ಎಂದು ನೀಲಿ ಅಕ್ಷರದಲ್ಲಿ ಸ್ಪಷ್ಟವಾಗಿದೆ. ಸೋಮವಾರ ಅದನ್ನು ಹಿಡಿದುಕೊಂಡು ತಹಸೀಲಿಗೆ ಹೋಗುತ್ತೇನೆ. ನಿನ್ನ ಆಣೆಯನ್ನು ನೀನೇ ವಾಪಸು ತಗೊ.

ಶಿವಕಾಂತಮ್ಮ


ಕಲಬುರಗಿ
ಏಪ್ರಿಲ್ 25

ಅಕ್ಕಾ,

ಬೈದದ್ದೆಲ್ಲ ಸರಿ. ಆದರೆ ಸೋಮವಾರ ಹೋಗುವ ಮುಂಚೆ ಇದಿಷ್ಟು ಓದು. ಇದು ನನ್ನ ಸಲುವಾಗಿ ಬರೆದದ್ದಲ್ಲ, ನಂಬಿದರೆ ನಂಬು.

ನೀನು ಕಾರ್ಬನ್ ಪ್ರತಿ ಕೊಟ್ಟರೆ ಕೋಶದ ಮೇಲೆ ವಿಚಾರಣೆ ಶುರುವಾಗುತ್ತದೆ. ವಿಚಾರಣೆ ಮುಗಿಯುವವರೆಗೆ ಪಟ್ಟಿಯನ್ನು ಮುಟ್ಟುವಂತಿಲ್ಲ, ಒಂದು ಹೆಸರು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಅದು ಮುಗಿಯಲು ಎರಡು ತಿಂಗಳು ಹಿಡಿಯಬಹುದು, ನಾಲ್ಕೂ ಹಿಡಿಯಬಹುದು. ಅಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. 'ಕ್ಷೇತ್ರ ಸಿಬ್ಬಂದಿಯ ತಪ್ಪು' ಎಂದಾದರೆ ವಿಚಾರಣೆ ಬೇಡ, ತಿದ್ದುಪಡಿ ಆದೇಶ ಅದೇ ದಿನ. ಸಾಹೇಬರು ನನ್ನ ಮುಂದೆಯೇ ಹೇಳಿದರು: "ಹೇಳಿಕಿ ಬಂದ್ರ ಎರಡು ದಿನದಾಗ ಟ್ಯಾಂಕರ್ ಕಳಸ್ತೀನಿ. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ನಿಯಮ ಹಾಗೇ ಇದೆ, ನಾನು ಎರಡು ಸಲ ಓದಿ ನೋಡಿದೆ. ಬೇರೆ ದಾರಿ ಇದೆಯೇನೋ ಎಂದು ಹುಡುಕಿದೆ, ಸಿಗಲಿಲ್ಲ. ಸಿಗಲಿಲ್ಲ ಎಂದಾಗ ನನಗೆ ಸ್ವಲ್ಪ ಸಮಾಧಾನವೂ ಆಯಿತು. ಅದನ್ನೂ ಹೇಳಿಬಿಡುತ್ತೇನೆ, ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ.

ಗುಡ್ಡದ ಇನ್ನರ್ಧ ಹುಲ್ಲು ಹಾಗೇ ನಿಂತಿದೆ ಎಂದು ನಿನ್ನ ಕಾಗದ ಕೊಡುವಾಗ ಲಾಲ್ ಅಹ್ಮದ್ ಹೇಳಿದ. ಮೇ ತಿಂಗಳು ಇನ್ನೂ ಪೂರ್ತಿ ಇದೆ. ನೀನೇ ನೋಡು.

ಮೌನೇಶ


ಕಮಲಾಪುರ
ಮೇ 7

ಮೌನೇಶನಿಗೆ,

ಈ ಕಾಗದ ಅಂಚೆಯಲ್ಲಿ ಬರುತ್ತದೆ. ಲಾಲ್ ಅಹ್ಮದನ ಕೈಯಲ್ಲಿ ಕೊಡುವಂತಿಲ್ಲ, ಯಾಕೆಂದು ಮುಂದೆ ಬರೆದಿದ್ದೇನೆ.

ಸೋಮವಾರ ತಹಸೀಲಿಗೆ ಹೊರಟಿದ್ದೆ. ಕಾರ್ಬನ್ ಪ್ರತಿ ಚೀಲದಲ್ಲಿತ್ತು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನಮ್ಮ ಓಣಿಯ ಶಂಕ್ರಮ್ಮ ಎದುರಾದಳು, ಏಳು ತಿಂಗಳ ಬಸುರಿ, ತಲೆಯ ಮೇಲೊಂದು ಕೊಡ, ಸೊಂಟದಲ್ಲಿ ಒಂದು. ಹೋಟೆಲಿನವರ ಕೈಕಾಲು ಹಿಡಿದು ತಂದ ನೀರು. "ಅಕ್ಕಾ, ಟ್ಯಾಂಕರ್ ಯಾವಾಗ ಬರ್ತದ?" ಎಂದು ಕೇಳಿದಳು. ಎರಡು ತಿಂಗಳು, ನಾಲ್ಕು ತಿಂಗಳು ಎಂದು ಅವಳಿಗೆ ಹೇಗೆ ಹೇಳಲಿ? ಅಲ್ಲಿಂದಲೇ ಹಿಂದಿರುಗಿದೆ. ನಿನ್ನ ಹೇಳಿಕೆಗೆ ಸಹಿ ಹಾಕಿ, ನಿನ್ನ ಆಫೀಸಿಗೆ ಫೋನು ಮಾಡಿದೆ. ನಿನ್ನ ಆಫೀಸಿನ ಜವಾನ ಮಧ್ಯಾಹ್ನವೇ ಮೋಟರ್‌ಸೈಕಲ್ ಮೇಲೆ ಬಂದು ಒಯ್ದ. ಕಾರ್ಬನ್ ಪ್ರತಿಯನ್ನೂ ಕೊಡಬೇಕೆಂದ. ಕೊಟ್ಟೆ.

ನಿನ್ನ ಸಾಹೇಬರು ಮಾತಿಗೆ ತಪ್ಪಲಿಲ್ಲ. ಮೂವತ್ತನೇ ತಾರೀಖು ಟ್ಯಾಂಕರ್ ಬಂತು. ದಿನಕ್ಕೆ ಎರಡು ಖೇಪು. ಟಾಕಿ ತುಂಬಿದೆ. ಫೈರ್ ಗಾಡಿಯವರು ಬಂದು ನೋಡಿ, ಪೈಪಿಗೆ ಹೊಸ ವಾಲ್ ಹಾಕಿಸಿ ಹೋದರು. ಗಾಯರಾಣದ ಉಳಿದ ಹುಲ್ಲನ್ನು ಕೊಯ್ದು ದಾರಿ ಬಿಡಿಸಿದರು. ಒಂದೂವರೆ ತಿಂಗಳು ನಾನು ಬಡಿದುಕೊಂಡದ್ದೆಲ್ಲ ಒಂದು ಸುಳ್ಳಿಗೆ ಎರಡೇ ದಿನದಲ್ಲಿ ಆಯಿತು.

ವಾಲ್‌ನ ಕೀಲಿ ನನ್ನಿಂದ ತೆಗೆದುಕೊಂಡರು. ಟೇಪನ್ನೂ ಒಯ್ದರು. ಹೊಸಬನೊಬ್ಬ ಬಂದಿದ್ದಾನೆ.

ನೋಟೀಸ್ ಬೋರ್ಡಿನಲ್ಲಿ ತಿದ್ದುಪಡಿ ಆದೇಶ ಹಚ್ಚಿದ್ದಾರೆ, ಈ ಸಲ ನಾನು ಅದರ ಮೇಲೆ ಏನನ್ನೂ ಹಚ್ಚಲಿಲ್ಲ. 'ಅಳತೆದಾರರಾದ ಶ್ರೀಮತಿ ಶಿವಕಾಂತಮ್ಮ ಇವರ ನಿರ್ಲಕ್ಷ್ಯದಿಂದ' ಎಂದು ಶುರುವಾಗುತ್ತದೆ. ಓಣಿಯಲ್ಲಿ ಓದಲು ಬರುವವರು ಬಾರದವರಿಗೆ ಓದಿ ಹೇಳಿದರು. ಯಾರೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟ್ಯಾಂಕರಿನ ಮುಂದೆ ಪಾಳಿ ಹಚ್ಚಿದಾಗ ನನ್ನ ಹಿಂದಿನವಳು ಎರಡು ಹೆಜ್ಜೆ ಬಿಟ್ಟು ನಿಲ್ಲುತ್ತಾಳೆ, ಮುಂದಿನವಳು ತಿರುಗಿ ನೋಡುವುದಿಲ್ಲ. ಹೆಜ್ಜೆಯ ಲೆಕ್ಕದಲ್ಲಿ ನನ್ನ ಹಿಂದೆ ಮುಂದೆ ಯಾರೂ ಇಲ್ಲ, ನೀನು ಬರೆದಂತೆಯೇ ಆಯಿತು.

ಹದಿನೆಂಟಕ್ಕೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆಂದು ಮಲ್ಲಿಕಾಳ ಫೋನಿನಿಂದ ಹೇಳಿ ಕಳಿಸಿದ್ದೀ. ಬರಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಇದೆ, ಬಹಳ ಇದೆ, ಸಾಯುವ ತನಕ ಇರುತ್ತದೆ. ಆದರೆ ನೀನು ಬಂದರೆ ಓಣಿಯವರು ನಿನ್ನನ್ನು ಚಹಕ್ಕೆ ಕರೆಯುತ್ತಾರೆ. ಟ್ಯಾಂಕರ್ ಕೊಡಿಸಿದ್ದು ಮೌನೇಶ ಎಂದೇ ಎಲ್ಲರೂ ತಿಳಿದಿದ್ದಾರೆ. ಅದನ್ನು ಕಣ್ಣಾರೆ ನೋಡುವಷ್ಟು ಗಟ್ಟಿ ನಾನಲ್ಲ.

ಆದೇಶ ಹಚ್ಚಿದ ಮೇಲೆ ಲಾಲ್ ಅಹ್ಮದ್ ನನ್ನ ಮನೆ ಕಡೆ ಬಂದಿರಲಿಲ್ಲ. ನಿನ್ನೆ ಸಂಜೆ ಬಂದ. ಒಳಗೆ ಬಾ ಎಂದೆ, ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ. ಮುಖದಲ್ಲಿ ಸಿಟ್ಟು ಇರಲಿಲ್ಲ. ಮೆಲ್ಲಗೆ ಕೇಳಿದ:

"ಅಕ್ಕಾ, ನಿಮಗ ಅಳತಿ ತಿಳಿತಿದ್ದಿಲ್ಲ ಅಂದ್ರ ನನಗೊಂದು ಮಾತು ಹೇಳಬೇಕಿತ್ತಲ್ರಿ. ನಾ ದಿನಾ ಕಲಬುರಗಿಗಿ ಹೋಗಾವ. ನಿಮ್ಮ ತಮ್ಮಗ ಕೇಳಿಕೊಂಡು ಬರ್ತಿದ್ದೆ. ಅವ್ರು ಕಲತವ್ರು, ಸರಿ ಮಾಡಿ ಹೇಳತಿದ್ರು."

"ಹೌದಪ್ಪಾ, ಕೇಳಬೇಕಿತ್ತು" ಎಂದೆ.

ಶಿವಕಾಂತಮ್ಮ